ಮಾಂಟಾ ಮೀನಿನ ಮೇಲಣ ಅಪವಾದವೂ ಅದರ ನಿವಾರಣೆಯೂ

1

ಮನುಷ್ಯನು ಇತರ ಜೀವಿಗಳ ವಿಷಯವಾಗಿ ಕಾಲಕಾಲಕ್ಕೆ ತಳೆದ ಅಭಿಪ್ರಾಯಗಳಿಗೂ ಒಂದು ಇತಿಹಾಸವುಂಟು. ಅದಕ್ಕೂ ಆಕರಗಳುಂಟು, ಆ ಆಕರಗಳನ್ನು ರಾಜವಂಶಗಳ ಶಾಸನಗಳಂತೆಯೇ ಒರೆಗೆ ಹಚ್ಚಿ ನೋಡಬೇಕಾಗುತ್ತದೆ. ಯಾರು ಕಂಡರು, ಎಲ್ಲಿ ನಿಂತು ಕಂಡರು, ಕಂಡುದನ್ನು ಹೇಳಿದರೋ ಕೇಳಿದುದನ್ನು ಹೇಳಿದರೋ ಎಂಬ ಪ್ರಶ್ನೆಗಳು ಇಲ್ಲಿಯೂ ಅನಿವಾರ್ಯವೇ. ಪ್ರಕೃತ ಲೇಖನದಲ್ಲಿ ಮಾಂಟಾ ಎಂಬ ಬೃಹತ್ಕಾಯದ ಕಡಲಮೀನನ್ನು ಕುರಿತ ಮಾನವಸಾಕ್ಷ್ಯವನ್ನು ಈ ದೃಷ್ಟಿಯಿಂದ ಪರಿಶೀಲಿಸಲು ಯತ್ನಿಸಿದ್ದೇವೆ. ಎರಡು ಶತಮಾನಗಳಷ್ಟು ಕಾಲ ಕಡಲ ದೆವ್ವವೆಂದು ದೂಷಿತವಾಗಿದ್ದ ಈ ಪ್ರಾಣಿ ಇಂದು ಸಾಧುಜೀವಿಯೆಂದು ಪ್ರಸಿದ್ಧವಾಗಿದೆ. ಈ ನಡುವೆ ಮೀನು ಬದಲಾಗಲಿಲ್ಲ. ಅದನ್ನು ನೋಡುವವನು ನಿಂತ ಸ್ಥಳ ಬದಲಾಯಿತು. ಇದೇ ನಮ್ಮ ಪ್ರತಿಪಾದನೆಯ ಸಾರ.

ಮೊದಲು ಮೀನಿನ ಪರಿಚಯ ಅವಶ್ಯಕ. ಚಪ್ಪಟೆಯಾದ ಮೈಯೂ ಚಾವಟಿಯಂಥ ಬಾಲವೂ ಉಳ್ಳ ಮೀನುಗಳನ್ನು ನಮ್ಮ ಕರಾವಳಿಯಲ್ಲಿ ತೊರಕೆ ಎಂದು ಕರೆಯುತ್ತಾರೆ. ಮಾಂಟಾ ಆ ಬಳಗದಲ್ಲೆಲ್ಲ ಅತ್ಯಂತ ದೊಡ್ಡದು. ಹವಳದ ದಿಬ್ಬಗಳ ಬಳಿ ವಾಸಿಸುವ ಪ್ರಭೇದದ ಅಗಲ ಸಾಮಾನ್ಯವಾಗಿ 3ರಿಂದ 4 ಮೀಟರು. ತೆರೆದ ಸಾಗರದಲ್ಲಿ ಸಂಚರಿಸುವ ಪ್ರಭೇದ 7 ಮೀಟರಿನವರೆಗೂ ಬೆಳೆಯಬಲ್ಲದು. ಸಾಮಾನ್ಯ ತೊರಕೆಯ ಬಾಲದಲ್ಲಿರುವಂಥ, ಚುಚ್ಚಿ ಘಾಸಿಮಾಡಬಲ್ಲ ಮುಳ್ಳು ಇದಕ್ಕಿಲ್ಲ. ಬಾಯಿಯ ಇಕ್ಕೆಲದಲ್ಲಿ ಎರಡು ಮಾಂಸಲವಾದ ಹಾಳೆಗಳಿವೆ. ಈಜುವಾಗ ಅವು ಸುರುಳಿ ಸುತ್ತಿಕೊಂಡು ಕೊಂಬುಗಳಂತೆ ತೋರುತ್ತವೆ. ಆಹಾರ ಸೇವಿಸುವಾಗ ಬಿಚ್ಚಿಕೊಂಡು ನೀರನ್ನು ಬಾಯಿಯತ್ತ ತಿರುಗಿಸುತ್ತವೆ. ಇಷ್ಟು ದೊಡ್ಡ ದೇಹಕ್ಕೆ ಆಹಾರವಾದರೋ ಪ್ಲವಕ, ಎಂದರೆ ನೀರಿನಲ್ಲಿ ತೇಲಾಡುವ ಅತಿ ಸಣ್ಣ ಜೀವರಾಶಿ. ಕಿವಿರುಗಳ ಒಳಗಿನ ಜಾಲರಿಯಂಥ ಫಲಕಗಳು ಈ ಆಹಾರವನ್ನು ಸೋಸಿ ಹಿಡಿಯುತ್ತವೆ.

ಇಂದು ಉಸಿರಿನ ಸಾಧನವನ್ನು ಬೆನ್ನಿಗೆ ಕಟ್ಟಿ ಹವಳದ ದಿಬ್ಬಕ್ಕೆ ಇಳಿದವನಿಗೆ ಆಗುವ ದರ್ಶನವನ್ನು ಇಲ್ಲಿಯೇ ಹೇಳಿಬಿಡುವುದು ಉಚಿತ. ಹತ್ತು ಹದಿನೈದು ಮೀಟರು ಆಳದಲ್ಲಿ, ಒಂದು ಹವಳದ ಬಂಡೆಯಿಂದ ತುಸು ದೂರ, ಮರಳಿನ ಮೇಲೆ ಆತ ನಿಶ್ಚಲನಾಗಿ ಕಾದಿರುತ್ತಾನೆ. ಕೇಳುವುದು ತನ್ನ ಉಸಿರಿನ ಸದ್ದು, ಮೇಲಕ್ಕೇರುವ ಗುಳ್ಳೆಗಳ ಸದ್ದು, ಅಷ್ಟೆ. ನೀಲಿಯ ಅಂಚಿನಲ್ಲಿ ಮಸುಕಾದ ಆಕೃತಿಯೊಂದು ಮೂಡುತ್ತದೆ. ಎರಡು ರೆಕ್ಕೆಗಳು ನಿಧಾನವಾಗಿ ಏಳುತ್ತವೆ, ಬೀಳುತ್ತವೆ. ಹತ್ತಿರ ಬಂದಂತೆ ಅದರ ಬಿಳಿಯ ಹೊಟ್ಟೆ, ಅದರ ಮೇಲಿನ ಕಪ್ಪು ಚುಕ್ಕೆಗಳು, ಐದು ಜೋಡಿ ಕಿವಿರುಸೀಳುಗಳು ಸ್ಪಷ್ಟವಾಗಿ ಕಾಣುತ್ತವೆ. ಒಮ್ಮೊಮ್ಮೆ ಅದು ಮುಳುಗುಗಾರನ ತಲೆಯ ಮೇಲೆಯೇ, ಕೈಗೆಟುಕುವಷ್ಟು ಸಮೀಪದಲ್ಲಿ ಹಾಯುತ್ತದೆ. ಕ್ಷಣಕಾಲ ಕಂಬಳಿ ಹೊದಿಸಿದಂತೆ ಬೆಳಕು ಮರೆಯಾಗುತ್ತದೆ. ಮರುಕ್ಷಣ ಮೀನು ಮುಂದೆ ಸರಿದು, ಸುತ್ತು ಹಾಕಿ, ಮತ್ತೆ ಬರುತ್ತದೆ. ಅದು ಆತನನ್ನು ಮುಟ್ಟುವುದಿಲ್ಲ. ಕಂಬಳಿಯಂತೆ ಕವಿಯುವ ಈ ನೆರಳನ್ನು ವಾಚಕರು ನೆನಪಿನಲ್ಲಿಡಬೇಕೆಂದು ಕೋರುತ್ತೇವೆ. ನಮ್ಮ ಮೊದಲ ಸಾಕ್ಷ್ಯಕ್ಕೆ ಅದು ವ್ಯಾಖ್ಯಾನವಾದೀತು.

2

ಸ್ಪೇನಿನ ನೌಕಾಧಿಕಾರಿಯಾದ ಅಂತೋನಿಯೋ ದೆ ಉಲ್ಯೋವನು ತನ್ನ ಸಹಚರ ಹೋರ್ಹೆ ಹ್ವಾನನೊಡನೆ ದಕ್ಷಿಣ ಅಮೆರಿಕಕ್ಕೆ ಹೋದದ್ದು 1735ರಲ್ಲಿ. ಭೂಮಿಯ ಆಕಾರವನ್ನು ನಿರ್ಣಯಿಸಲು ಫ್ರೆಂಚ್ ವಿದ್ವಾಂಸರು ಕೈಗೊಂಡ ಅಳತೆಯ ಕಾರ್ಯದಲ್ಲಿ ಭಾಗವಹಿಸುವುದು ಅವರಿಗೆ ವಹಿಸಿದ ಕೆಲಸ. 1748ರಲ್ಲಿ ಪ್ರಕಟವಾದ ಅವರ ಪ್ರವಾಸವೃತ್ತಾಂತದಲ್ಲಿ ಪನಾಮದ ಮುತ್ತಿನ ಉದ್ಯಮದ ವರ್ಣನೆಯಿದೆ. ಅಲ್ಲಿ ಮುತ್ತಿಗಾಗಿ ಮುಳುಗುತ್ತಿದ್ದವರು ಆಫ್ರಿಕ ಮೂಲದ ಗುಲಾಮರು. ದಿನಕ್ಕೆ ಇಷ್ಟು ಎಂದು ಒಡೆಯರು ಗೊತ್ತುಮಾಡಿದ ಪ್ರಮಾಣವನ್ನು ಅವರು ಒಪ್ಪಿಸಲೇಬೇಕಾಗಿತ್ತು. ಆ ಮುಳುಗುಗಾರರಿಗೆ ಷಾರ್ಕುಗಳಿಂದ ಮಾತ್ರವಲ್ಲದೆ ಮಾಂಟಾ ಎಂಬ ಮೀನಿನಿಂದಲೂ ಪ್ರಾಣಭಯವುಂಟೆಂದೂ, ಅದು ಮನುಷ್ಯನನ್ನು ತನ್ನ ರೆಕ್ಕೆಗಳಿಂದ ಸುತ್ತಿಕೊಂಡು ಇಲ್ಲವೆ ನೆಲಕ್ಕೆ ಅದುಮಿ ಕೊಲ್ಲುವುದೆಂದೂ, ಅದರಿಂದ ಪಾರಾಗಲು ಪ್ರತಿಯೊಬ್ಬನೂ ಹರಿತವಾದ ಚೂರಿಯನ್ನು ಒಯ್ಯುವನೆಂದೂ ಉಲ್ಯೋವನು ಬರೆದಿದ್ದಾನೆ. ಮಾಂಟಾ ಎಂದರೆ ಸ್ಪೇನಿನ ಭಾಷೆಯಲ್ಲಿ ಕಂಬಳಿ. ಕಂಬಳಿಯಂತೆ ಹೊದೆದು ಕೊಲ್ಲುವುದರಿಂದಲೇ ಈ ಹೆಸರು ಎಂಬುದು ಆತನ ವಿವರಣೆ.

ಉಲ್ಯೋವನು ಅಸತ್ಯವಾದಿಯಲ್ಲ. ಪ್ಲಾಟಿನಮ್ ಲೋಹವನ್ನು ಯೂರೋಪಿಗೆ ಪರಿಚಯ ಮಾಡಿಕೊಟ್ಟವರಲ್ಲಿ ಆತನೊಬ್ಬ. ಅನೇಕ ವಿಷಯಗಳಲ್ಲಿ ಆತನ ವೀಕ್ಷಣೆ ಪ್ರಾಮಾಣಿಕವೆಂದು ಸಿದ್ಧವಾಗಿದೆ. ಆದರೆ ಈ ವಿಷಯದಲ್ಲಿ ಆತ ಸಾಕ್ಷಿಯಲ್ಲ, ವರದಿಗಾರ ಮಾತ್ರ. ನೀರಿನ ಕೆಳಗೆ ನಡೆಯುವುದನ್ನು ದೋಣಿಯವನು ಕಾಣುವಂತಿರಲಿಲ್ಲ. ಇನ್ನು ಆತನಿಗೆ ಹೇಳಿದವರ ಸ್ಥಿತಿಯೇನು? ಮನುಷ್ಯನ ಕಣ್ಣಿನ ಮುಂಭಾಗದ ಪಾರದರ್ಶಕ ಪಟಲ ಬೆಳಕನ್ನು ಬಾಗಿಸುವುದು ಅದರ ಎದುರಿಗೆ ಗಾಳಿಯಿದ್ದಾಗ. ನೀರು ನೇರವಾಗಿ ತಾಗಿದರೆ ಆ ಶಕ್ತಿಯ ಬಹುಭಾಗ ನಷ್ಟವಾಗಿ ಎಲ್ಲವೂ ಮಬ್ಬಾಗುತ್ತದೆ. ಬರಿಗಣ್ಣಿನಿಂದ, ಕಟ್ಟಿದ ಉಸಿರಿನಿಂದ, ಒಂದೆರಡು ನಿಮಿಷಗಳ ಅವಧಿಯಲ್ಲಿ, ಕೈತುಂಬ ಚಿಪ್ಪು ಕೀಳಬೇಕಾದ ಗುಲಾಮನಿಗೆ ಮೇಲಿನಿಂದ ಬೆಳಕನ್ನು ಮುಚ್ಚುತ್ತ ಕವಿದ ಆಕೃತಿ ಹೇಗೆ ತೋರಿರಬೇಕೆಂಬುದನ್ನು ಊಹಿಸುವುದು ಕಷ್ಟವಲ್ಲ. ಮೇಲೆ ಹೇಳಿದ ನೆರಳೇ ಇದು. ಇಂದಿನ ಮುಳುಗುಗಾರನಿಗೆ ಪರಮಾನಂದವನ್ನು ಕೊಡುವ ಅದೇ ಚಲನೆ, ಉಸಿರು ಮುಗಿಯುತ್ತ ಬಂದವನಿಗೆ ಮೃತ್ಯುವಿನ ಹೊದಿಕೆಯಾಗಿ ಕಂಡಿತೆಂಬುದು ನಮ್ಮ ಅನುಮಾನ. ಷಾರ್ಕುಗಳಿದ್ದ ನೀರಿನಲ್ಲಿ ಮೇಲೆ ಬಾರದೆ ಹೋದ ಸಂಗಾತಿಯ ಸಾವಿಗೆ ಕಾರಣವನ್ನು ಹುಡುಕುವವರು ಆ ಹೊದಿಕೆಯನ್ನೇ ಹೆಸರಿಸಿದ್ದರೆ ಆಶ್ಚರ್ಯವಿಲ್ಲ. ಅವರ ಭಯ ನಿಜವಾದದ್ದು. ಭಯದ ಕಾರಣವನ್ನು ಗುರುತಿಸಿದ್ದರಲ್ಲಿ ಮಾತ್ರ ದೋಷವಿತ್ತು.

3

ಹದಿನೆಂಟನೆಯ ಶತಮಾನದ ಕೊನೆಯಿಂದ ಮಾಂಟಾ ವಿದ್ವಾಂಸರ ಗ್ರಂಥಗಳನ್ನು ಪ್ರವೇಶಿಸಿತು. ಲ್ಯೂಬೆಕ್ ಪಟ್ಟಣದ ವೈದ್ಯನಾದ ಯೋಹಾನ್ ಯೂಲಿಯುಸ್ ವಾಲ್‌ಬೌಮನು 1792ರಲ್ಲಿ ಇದಕ್ಕೆ ರಾಯಾ ಬೈರಾಸ್ಟ್ರಿಸ್, ಎಂದರೆ ಎರಡು ಮೂತಿಗಳ ತೊರಕೆ ಎಂಬ ಹೆಸರನ್ನಿತ್ತನು. ಆತ ಹಿಂದಿನ ಗ್ರಂಥಗಳ ವಿವರಗಳನ್ನು ಕ್ರೋಡೀಕರಿಸುತ್ತಿದ್ದ ಪಂಡಿತ. 1823ರಲ್ಲಿ ಅಮೆರಿಕದ ಡೆಲವೇರ್ ಕೊಲ್ಲಿಯ ಬಳಿ ಸಿಕ್ಕ ದೊಡ್ಡ ಮೀನೊಂದನ್ನು ವರ್ಣಿಸಿದ ಸ್ಯಾಮ್ಯುಯೆಲ್ ಮಿಚಿಲನು ಅದನ್ನು ವ್ಯಾಂಪೈರಸ್, ಎಂದರೆ ರಕ್ತಪಿಶಾಚಿ ಎಂದು ಕರೆದನು. ಕೆಳದವಡೆಯಲ್ಲಿ ಮಾತ್ರ ಸಾಸಿವೆಯಷ್ಟು ಹಲ್ಲುಗಳಿದ್ದು, ಕಚ್ಚಲಾರದ, ಪ್ಲವಕವನ್ನು ಸೋಸಿ ಉಣ್ಣುವ ಪ್ರಾಣಿಗೆ ಇದಕ್ಕಿಂತ ಅಸಂಗತವಾದ ಹೆಸರನ್ನು ಹುಡುಕುವುದು ಕಷ್ಟ. 1829ರಲ್ಲಿ ಜಮೈಕದ ವೈದ್ಯ ಎಡ್ವರ್ಡ್ ಬ್ಯಾಂಕ್ರಾಫ್ಟನು, ಆ ದ್ವೀಪದವರು ಕಡಲ ದೆವ್ವ ಎನ್ನುತ್ತಿದ್ದ ಮೀನನ್ನು ಕುರಿತು ಬರೆದು, ಮಾಂಟಾ ಎಂಬ ಜನಬಳಕೆಯ ಮಾತನ್ನು ಶಾಸ್ತ್ರೀಯ ನಾಮವನ್ನಾಗಿ ಸ್ಥಾಪಿಸಿದನು. 1868ರಲ್ಲಿ ಸಿಡ್ನಿಯ ಆಸ್ಟ್ರೇಲಿಯನ್ ವಸ್ತುಸಂಗ್ರಹಾಲಯದ ಅಧಿಕಾರಿ ಗೆರಾರ್ಡ್ ಕ್ರೆಫ್ಟನು ಸಚಿತ್ರ ಪತ್ರಿಕೆಯೊಂದರಲ್ಲಿ ಇಂಥದೇ ಮೀನೊಂದನ್ನು ವರ್ಣಿಸಿ, ಆಗ ಆಸ್ಟ್ರೇಲಿಯಕ್ಕೆ ಬಂದಿದ್ದ ರಾಜಕುಮಾರ ಆಲ್ಫ್ರೆಡನ ಗೌರವಾರ್ಥವಾಗಿ ಆಲ್ಫ್ರೆಡಿ ಎಂದು ಹೆಸರಿಟ್ಟನು.

ಈ ಎಲ್ಲ ನಾಮಕರಣಗಳಲ್ಲಿ ಒಂದು ಸಮಾನಾಂಶವುಂಟು. ವಿದ್ವಾಂಸರ ಮುಂದಿದ್ದದ್ದು ಒಂದೋ ಸತ್ತ ಮೀನು, ಒಂದೋ ಸತ್ತ ಮೀನಿನ ವರ್ಣನೆ. ಟನ್ನುಗಟ್ಟಲೆ ತೂಗುವ, ಎಲುಬಿಲ್ಲದೆ ಮೃದ್ವಸ್ಥಿಯಿಂದಲೇ ಆದ ದೇಹವನ್ನು ಸಂಗ್ರಹಾಲಯದ ಗಾಜಿನ ಪಾತ್ರೆಗಳಲ್ಲಿ ಕಾಪಿಡುವುದು ಸಾಧ್ಯವಿರಲಿಲ್ಲ. ದಡಕ್ಕೆಳೆದ ಮಾಂಟಾ ತನ್ನ ಭಾರಕ್ಕೆ ತಾನೇ ಕುಸಿದು, ಬಣ್ಣಗೆಟ್ಟು, ಆಕಾರಗೆಡುತ್ತದೆ. ಹೋಲಿಸಿ ನೋಡಲು ಬೇಕಾದಷ್ಟು ಮಾದರಿಗಳೇ ಇಲ್ಲದ್ದರಿಂದ ಮುಂದಿನ ವಿದ್ವಾಂಸರು ಇವೆಲ್ಲವೂ ಒಂದೇ ಪ್ರಭೇದವೆಂದು ಬಹುಕಾಲ ನಂಬಿದರು. ಈ ತಪ್ಪು ತಿಳಿವಳಿಕೆ ಪರಿಹಾರವಾದ ರೀತಿಯನ್ನು ಮುಂದೆ ಹೇಳುತ್ತೇವೆ.

4

ಮೂರನೆಯ ಬಗೆಯ ಸಾಕ್ಷ್ಯ ಬೇಟೆಗಾರರದು. ದಕ್ಷಿಣ ಕೆರೊಲೈನದ ಜಮೀನ್ದಾರ ವಿಲಿಯಮ್ ಎಲಿಯಟ್ಟನು 1846ರಲ್ಲಿ ಪ್ರಕಟಿಸಿದ ತನ್ನ ಮೃಗಯಾಗ್ರಂಥದಲ್ಲಿ ಪೋರ್ಟ್ ರಾಯಲ್ ಎಂಬ ಅಳಿವೆಯಲ್ಲಿ ದೆವ್ವಮೀನನ್ನು ಬೇಟೆಯಾಡಿದ ವೃತ್ತಾಂತಗಳನ್ನು ಉತ್ಸಾಹದಿಂದ ವಿವರಿಸಿದ್ದಾನೆ. ಹುಟ್ಟುಹಾಕುತ್ತಿದ್ದವರು ಇಲ್ಲಿಯೂ ಗುಲಾಮರೇ. ಹಗ್ಗ ಕಟ್ಟಿದ ಭರ್ಜಿ ನಾಟಿದೊಡನೆ ಮೀನು ದೋಣಿಯನ್ನು ಸಮುದ್ರದತ್ತ ಸೆಳೆದೊಯ್ಯುವುದು, ದಣಿದ ಬಳಿಕ ಅದನ್ನು ಕೊಲ್ಲುವುದು, ಇದು ಆ ವಿನೋದದ ಸ್ವರೂಪ. 1917ರಲ್ಲಿ ಅಮೆರಿಕದ ಮಾಜಿ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟರು ಫ್ಲಾರಿಡದ ಕರಾವಳಿಗೆ ಹೋಗಿ ರಸಲ್ ಕೋಲ್ಸ್ ಎಂಬವರ ನೆರವಿನಿಂದ ಇದೇ ಬೇಟೆಯಾಡಿ, ಅದನ್ನು ಮಾಸಪತ್ರಿಕೆಯೊಂದರಲ್ಲಿ ವರ್ಣಿಸಿದರು.

ಉಲ್ಯೋವನಂತಲ್ಲದೆ ಇವರು ಕಣ್ಣಾರೆ ಕಂಡವರು. ಆದರೂ ಅವರ ಸಾಕ್ಷ್ಯಕ್ಕೆ ಒಂದು ಮಿತಿಯುಂಟು. ಅವರು ಕಂಡದ್ದು ಭರ್ಜಿ ನಾಟಿದ ಮೀನನ್ನು. ಅದರ ರಭಸ, ಬಾಲದ ಬಡಿತ, ದೋಣಿಯನ್ನೆಳೆಯುವ ಬಲ, ಇವೆಲ್ಲ ನಿಜ. ಆದರೆ ಅವು ನೋವಿನ ಲಕ್ಷಣಗಳೇ ಹೊರತು ಸ್ವಭಾವದ ಲಕ್ಷಣಗಳಲ್ಲ. ಮುತ್ತಿಗೆ ಹಾಕಿದ ಸೇನಾಪತಿಯೊಬ್ಬನ ವರದಿಯಿಂದ ಆ ನಗರದ ನಿತ್ಯಜೀವನವನ್ನು ತಿಳಿಯಹೊರಟರೆ ಎಷ್ಟು ತಿಳಿದೀತೋ, ಇವರ ಬರೆಹಗಳಿಂದ ಮಾಂಟಾದ ಬದುಕು ಅಷ್ಟೇ ತಿಳಿದೀತು. ಇಲ್ಲಿ ಕೋಲ್ಸರಿಗೆ ನ್ಯಾಯ ಸಲ್ಲಿಸಬೇಕು. ಅವರು ಬೇಟೆಗಾರರಾಗಿದ್ದರೂ 1916ರಲ್ಲಿ ಅಮೆರಿಕನ್ ಪ್ರಕೃತಿವಿಜ್ಞಾನ ಸಂಗ್ರಹಾಲಯದ ಪತ್ರಿಕೆಯಲ್ಲಿ ಈ ಮೀನುಗಳ ಜೀವನಕ್ರಮವನ್ನು ಕುರಿತು ಟಿಪ್ಪಣಿಗಳನ್ನು ಪ್ರಕಟಿಸಿದರು. ಕೊಂದವನ ಕೈಯಿಂದಲೇ ತಿಳಿವಳಿಕೆಯ ಮೊದಲ ಸಾಲುಗಳು ಬಂದದ್ದು ಇತಿಹಾಸದಲ್ಲಿ ಅಪೂರ್ವವೇನೂ ಅಲ್ಲ.

5

ಸಾಕ್ಷಿಯ ಸ್ಥಾನವನ್ನು ದೋಣಿಯಿಂದ ದಿಬ್ಬಕ್ಕೆ ಇಳಿಸಿದ್ದು ಎರಡು ಸಾಧನಗಳು. ಒಂದು ಕಣ್ಣಿನದು, ಇನ್ನೊಂದು ಉಸಿರಿನದು.

1930ರ ದಶಕದಲ್ಲಿ ಮೆಡಿಟರೇನಿಯನ್ ತೀರದಲ್ಲಿ ನೀರುಗನ್ನಡಕ ತೊಟ್ಟು ಈಜುವ ಹವ್ಯಾಸ ಹರಡಿತು. ಕಣ್ಣಿನ ಮುಂದೆ ಗಾಳಿಯ ಒಂದು ಪದರ ನಿಂತಿತು, ಮಬ್ಬು ಸರಿಯಿತು. ಫ್ರಾನ್ಸಿನ ನೌಕಾಧಿಕಾರಿ ಜಾಕ್ ಈವ್ ಕುಸ್ತೋ 1936ರಲ್ಲಿ ಇಂಥ ಕನ್ನಡಕದಿಂದ ಮೊದಲ ಬಾರಿಗೆ ಕಡಲೊಳಗನ್ನು ಕಂಡರು. ಉಸಿರಿನ ಪ್ರಶ್ನೆ ಬಗೆಹರಿದದ್ದು 1943ರಲ್ಲಿ. ಯುದ್ಧಕಾಲದಲ್ಲಿ ಪೆಟ್ರೋಲು ದುರ್ಲಭವಾಗಿ ಮೋಟಾರುಗಳನ್ನು ಅನಿಲದಿಂದ ಓಡಿಸಬೇಕಾಗಿ ಬಂದಿತ್ತು. ಅದಕ್ಕಾಗಿ ಎಮಿಲ್ ಗಾನ್ಯಾನ್ ಎಂಬ ಎಂಜಿನಿಯರು ಒಂದು ಕವಾಟವನ್ನು ರಚಿಸಿದ್ದರು. ಅದೇ ತತ್ತ್ವವನ್ನು ಬಳಸಿ, ಮುಳುಗುಗಾರನು ಉಸಿರೆಳೆದಾಗ ಮಾತ್ರ, ಸುತ್ತಲಿನ ನೀರಿನ ಒತ್ತಡಕ್ಕೆ ಸಮನಾದ ಒತ್ತಡದಲ್ಲಿ, ಉರುಳೆಯಿಂದ ಗಾಳಿ ಬರುವಂತೆ ಅವರಿಬ್ಬರೂ ಏರ್ಪಡಿಸಿದರು. ಜನವರಿಯಲ್ಲಿ ಮಾರ್ನ್ ನದಿಯಲ್ಲಿ ನಡೆದ ಮೊದಲ ಪರೀಕ್ಷೆ ಸಮರ್ಪಕವಾಗಲಿಲ್ಲ. ದೋಷವನ್ನು ತಿದ್ದಿ ಜೂನ್ ತಿಂಗಳಲ್ಲಿ ಬಾಂದೋಲ್ ಬಳಿಯ ಸಮುದ್ರದಲ್ಲಿ ಪ್ರಯೋಗಿಸಿದಾಗ ಪೂರ್ಣ ಯಶಸ್ಸು ದೊರೆಯಿತು. ಇಂಥ ಸ್ವಯಂಪೂರ್ಣ ಸಾಧನಗಳಿಗೆ ಸ್ಕೂಬಾ ಎಂಬ ಹೆಸರು ಮುಂದೆ ರೂಢಿಗೆ ಬಂತು.

ಮಾಂಟಾವನ್ನು ಅದರ ನೆಲೆಯಲ್ಲಿಯೇ ಕಂಡು ಲೋಕಕ್ಕೆ ತೋರಿಸಿದವರಲ್ಲಿ ಅಗ್ರಗಣ್ಯರು ವಿಯೆನ್ನದ ಹಾನ್ಸ್ ಹಾಸ್. ಅವರು ಬಳಸಿದ್ದು ಕುಸ್ತೋ ಅವರ ಯಂತ್ರವನ್ನಲ್ಲ, ಶುದ್ಧ ಆಮ್ಲಜನಕವನ್ನು ಮರಳಿ ಮರಳಿ ಉಸಿರಾಡಿಸುವ ಬೇರೊಂದು ಸಾಧನವನ್ನು. ಆಳ ಹೆಚ್ಚಿದಂತೆ ಆಮ್ಲಜನಕವೇ ವಿಷವಾಗುವುದರಿಂದ ಅದು ಅಪಾಯಕರ. ಆದರೆ ಅದರಿಂದ ಗುಳ್ಳೆಗಳ ಸದ್ದಿಲ್ಲ. 1950ರಲ್ಲಿ ಅವರೂ, ಅದೇ ವರ್ಷ ಅವರ ಪತ್ನಿಯಾದ ಲೊಟ್ಟೆ ಹಾಸ್ ಅವರೂ ಕೆಂಪು ಸಮುದ್ರದ ಪೋರ್ಟ್ ಸೂಡಾನಿನ ಹವಳದ ದಿಬ್ಬಗಳಲ್ಲಿ ಚಿತ್ರೀಕರಣ ನಡೆಸಿದರು. ಆ ಚಲಚ್ಚಿತ್ರ 1951ರಲ್ಲಿ ವೆನಿಸಿನ ಉತ್ಸವದಲ್ಲಿ ಬಹುಮಾನವನ್ನು ಪಡೆಯಿತು. ದೆವ್ವವೆನಿಸಿದ್ದ ಮೀನಿನ ಎದುರು ಮನುಷ್ಯನು ಈಜುವುದನ್ನೂ ಆತನಿಗೆ ಏನೂ ಆಗದಿರುವುದನ್ನೂ ಜನ ಪರದೆಯ ಮೇಲೆ ನೋಡಿದರು. ಇಷ್ಟಾದರೂ 1952ರಲ್ಲಿ ಹಾಸ್ ಅವರು ಪ್ರಕಟಿಸಿದ ಪುಸ್ತಕದ ಹೆಸರು "ಮಾಂಟಾ: ಕೆಂಪು ಸಮುದ್ರದ ದೆವ್ವ" ಎಂದೇ ಇತ್ತು. ಅಪವಾದವನ್ನು ಅಳಿಸಿದವನ ಪುಸ್ತಕದ ರಕ್ಷಾಪತ್ರದ ಮೇಲೆಯೇ ಅಪವಾದ ಉಳಿದುಕೊಂಡಿತು. ಹೆಸರುಗಳು ಜ್ಞಾನಕ್ಕಿಂತ ನಿಧಾನವಾಗಿ ಬದಲಾಗುತ್ತವೆಂಬುದಕ್ಕೆ ಇದೊಂದು ನಿದರ್ಶನ.

6

ಸಾಗರಸಂಚಾರಿಯಾದ ಈ ಮೀನು ಹವಳದ ದಿಬ್ಬಕ್ಕೆ ಬರುವುದೇಕೆ? ಈ ಪ್ರಶ್ನೆಗೆ ಉತ್ತರವನ್ನು ದೋಣಿಯ ಮೇಲಿದ್ದವರಾರೂ ಕೊಡುವಂತಿರಲಿಲ್ಲ. ಹಾಸ್ ಅವರ ಸಂಶೋಧನಾ ನೌಕೆಯಲ್ಲಿ ಕೆಲಸ ಮಾಡಿದ ಐರೆನಾಯ್ಸ್ ಐಬ್ಲ್ ಐಬೆಸ್‌ಫೆಲ್ಟ್ ಅವರು, ಸಣ್ಣ ಮೀನುಗಳು ದೊಡ್ಡ ಮೀನುಗಳ ಮೈಯನ್ನು ಶುಚಿಗೊಳಿಸುವ ಸಹಜೀವನವನ್ನು ಕುರಿತು 1955ರಲ್ಲಿ ಬರೆದರು. ಅಮೆರಿಕದ ಕಾನ್ರಾಡ್ ಲಿಂಬಾ ಅವರ ಇದೇ ವಿಷಯದ ಲೇಖನ 1961ರಲ್ಲಿ ಬೆಳಕು ಕಂಡಿತು. ಆ ವೇಳೆಗೆ ಲೇಖಕರು ಜೀವಿಸಿರಲಿಲ್ಲ. 1960ರಲ್ಲಿ ಫ್ರಾನ್ಸಿನ ಕಡಲಗವಿಯೊಂದರಲ್ಲಿ ಮುಳುಗಿದವರು ಮರಳಿ ಬರಲಿಲ್ಲ. ಈ ಜ್ಞಾನಕ್ಕೆ ತೆತ್ತ ಬೆಲೆಯನ್ನು ಮರೆಯಲಾಗದು.

ಇವರ ಮತ್ತು ಇವರ ನಂತರದವರ ವೀಕ್ಷಣೆಗಳಿಂದ ತಿಳಿದುಬಂದ ಸಂಗತಿ ಹೀಗಿದೆ. ದಿಬ್ಬದ ಕೆಲವು ಗೊತ್ತಾದ ಬಂಡೆಗಳಲ್ಲಿ ಬೆರಳುದ್ದದ ಸಣ್ಣ ಮೀನುಗಳು ವಾಸಿಸುತ್ತವೆ. ಮಾಂಟಾ ಅಲ್ಲಿಗೆ ಬಂದು, ವೇಗವನ್ನು ಕುಗ್ಗಿಸಿ, ಬಂಡೆಯ ಮೇಲೆ ಸುತ್ತುತ್ತದೆ. ಸಣ್ಣ ಮೀನುಗಳು ಅದರ ಮೈಗೂ ಕಿವಿರುಗಳಿಗೂ ಬಾಯಿಗೂ ಹೋಗಿ ಪರೋಪಜೀವಿಗಳನ್ನೂ ಸತ್ತ ಚರ್ಮವನ್ನೂ ಹೆಕ್ಕಿ ತಿನ್ನುತ್ತವೆ, ಗಾಯಗಳನ್ನು ಶುಚಿಮಾಡುತ್ತವೆ. ಕೆಲವು ಮಾಂಟಾಗಳು ಅದೇ ಬಂಡೆಗೆ ವರ್ಷಗಟ್ಟಲೆ ಮತ್ತೆ ಮತ್ತೆ ಬರುತ್ತವೆ. ಆದುದರಿಂದ ಅಟ್ಟಿಸಿಕೊಂಡು ಹೋದವನಿಗೆ ಅದರ ದರ್ಶನವಿಲ್ಲ. ಅದು ಬರುವ ಸ್ಥಳದಲ್ಲಿ ಅಲುಗಾಡದೆ ಕುಳಿತವನಿಗೆ ಉಂಟು. ಮನುಷ್ಯನು ಈ ಭೇಟಿಯಲ್ಲಿ ಅತಿಥಿಯೂ ಅಲ್ಲ, ಬೇರೆಯವರ ಮನೆಯ ಅಂಗಳದಲ್ಲಿ ನಿಂತ ದಾರಿಹೋಕ.

ಈ ಸಾವಧಾನದ ವೀಕ್ಷಣೆಯಿಂದಲೇ ಇನ್ನೊಂದು ಫಲ ದೊರೆಯಿತು. ಮಾಂಟಾದ ಹೊಟ್ಟೆಯ ಮೇಲಿನ ಚುಕ್ಕೆಗಳ ವಿನ್ಯಾಸ ಒಂದೊಂದಕ್ಕೆ ಒಂದೊಂದು ಬಗೆ. ನಮ್ಮ ಬೆರಳಚ್ಚಿನಂತೆ ಅದು ಜೀವಮಾನವಿಡೀ ಬದಲಾಗದು. ಮುಳುಗುಗಾರರು ತೆಗೆದ ಛಾಯಾಚಿತ್ರಗಳನ್ನು ಹೋಲಿಸಿ ಒಂದೊಂದು ಮೀನನ್ನೂ ಗುರುತಿಸುವುದು ಸಾಧ್ಯವಾಯಿತು. ಮೊಜಾಂಬಿಕ್ ತೀರದಲ್ಲಿ ಹೀಗೆ ವರ್ಷಗಟ್ಟಲೆ ಅಭ್ಯಾಸ ಮಾಡಿದ ಆಂಡ್ರಿಯಾ ಮಾರ್ಷಲ್ ಅವರು ಇಬ್ಬರು ಸಹೋದ್ಯೋಗಿಗಳೊಡನೆ 2009ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಮಾಂಟಾ ಒಂದಲ್ಲ, ಕನಿಷ್ಠ ಎರಡು ಪ್ರಭೇದವೆಂದು ತೋರಿಸಿಕೊಟ್ಟರು. ತೆರೆದ ಸಾಗರದ್ದು ವಾಲ್‌ಬೌಮನ ಬೈರಾಸ್ಟ್ರಿಸ್. ಹವಳದ ದಿಬ್ಬದ್ದು ಕ್ರೆಫ್ಟನ ಆಲ್ಫ್ರೆಡಿ. ಪತ್ರಿಕೆಯ ಪುಟದಲ್ಲಿ ಹುಟ್ಟಿ ಮೂಲೆಗುಂಪಾಗಿದ್ದ ಹೆಸರಿಗೆ 141 ವರ್ಷಗಳ ತರುವಾಯ ಮರುಜೀವ ಬಂತು. ಅನಂತರ ವಂಶವಾಹಿಗಳ ಪರೀಕ್ಷೆಯಿಂದ ಇವೆರಡನ್ನೂ ಮೊಬ್ಯುಲ ಎಂಬ ಕುಲಕ್ಕೆ ಸೇರಿಸಲಾಗಿದೆ. ಹೀಗಾಗಿ ಮಾಂಟಾ ಎಂಬ ಹೆಸರು ಶಾಸ್ತ್ರದಿಂದ ಹೊರಬಿದ್ದು, ಎಲ್ಲಿಂದ ಬಂದಿತ್ತೋ ಆ ಜನರ ನಾಲಗೆಗೇ ಮರಳಿದೆ.

7

ಈ ಇತಿಹಾಸ ನಮಗೆ ದೂರದ್ದೆಂದು ತೋರಬಹುದು. ಆದರೆ ಅದರ ಇತ್ತೀಚಿನ ಅಧ್ಯಾಯವೊಂದು ನಡೆಯುತ್ತಿರುವುದು ನಮ್ಮ ಪಶ್ಚಿಮ ಸಮುದ್ರದ ದಕ್ಷಿಣದಲ್ಲಿ. ಲಕ್ಷದ್ವೀಪವೂ ಮಾಲ್ಡೀವ್ಸ್ ದ್ವೀಪಗಳೂ ಸಮುದ್ರತಳದ ಒಂದೇ ಏಣಿನ ಮೇಲೆ ನಿಂತ ಹವಳದ ಸಾಲು. ನಮ್ಮ ಸಹ್ಯಾದ್ರಿಗೆ ಮಳೆಯನ್ನು ತರುವ ನೈಋತ್ಯ ಮಾರುತವೇ ಮಾಲ್ಡೀವ್ಸಿನಲ್ಲಿ ಮಾಂಟಾಗಳ ಸಂಚಾರವನ್ನೂ ನಿಯಮಿಸುತ್ತದೆ. ಮಾರುತ ಬೀಸುವ ತಿಂಗಳುಗಳಲ್ಲಿ ಪ್ರವಾಹ ಪೂರ್ವಕ್ಕೆ ಹರಿಯುತ್ತದೆ. ಆಗ ದ್ವೀಪವಲಯಗಳ ಪೂರ್ವದಂಚಿನಲ್ಲಿ ಪ್ಲವಕ ಸಮೃದ್ಧವಾಗಿ, ಮಾಂಟಾಗಳು ಅಲ್ಲಿ ನೆರೆಯುತ್ತವೆ. ಮಾರುತ ತಿರುಗಿದಾಗ ಪಶ್ಚಿಮದಂಚಿಗೆ ಸಾಗುತ್ತವೆ. 2011ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಈ ಸಂಬಂಧವನ್ನು ವಿಶದಪಡಿಸಿದೆ.

ಅಲ್ಲಿನ ಬಾ ದ್ವೀಪವಲಯದಲ್ಲಿ ಹನಿಫಾರು ಎಂಬ ಸಣ್ಣ ಕೊಲ್ಲಿಯಿದೆ. ಪ್ರವಾಹವೂ ಉಬ್ಬರವೂ ಕೂಡಿಬಂದ ದಿನಗಳಲ್ಲಿ ಪ್ಲವಕ ಅದರೊಳಗೆ ಸಿಕ್ಕಿಬೀಳುತ್ತದೆ. ಆಗ ಒಂದೇ ಹೊತ್ತಿನಲ್ಲಿ ನೂರಕ್ಕೂ ಮೀರಿ ಮಾಂಟಾಗಳು ಸೇರುವುದುಂಟು. ಸುದ್ದಿ ಹರಡಿತು, ದೋಣಿಗಳೂ ಮುಳುಗುಗಾರರೂ ಕಿಕ್ಕಿರಿದರು. 2009ರಲ್ಲಿ ಸರ್ಕಾರ ಆ ಕೊಲ್ಲಿಯನ್ನು ಸಂರಕ್ಷಿತ ಪ್ರದೇಶವೆಂದು ಸಾರಿತು. 2011ರಲ್ಲಿ ಬಾ ವಲಯ ಯುನೆಸ್ಕೋ ಸಂಸ್ಥೆಯ ಜೀವಗೋಳ ಮೀಸಲು ಪ್ರದೇಶವಾಯಿತು. 2012ರಿಂದ ಆ ಕೊಲ್ಲಿಯಲ್ಲಿ ಸ್ಕೂಬಾ ಸಾಧನದೊಡನೆ ಇಳಿಯುವುದು ನಿಷಿದ್ಧ. ಉಸಿರುಕೊಳವೆ ತೊಟ್ಟು ಮೇಲ್ಮೈಯಲ್ಲಿ ಈಜುತ್ತ ನೋಡುವುದಕ್ಕೆ ಮಾತ್ರ ಅನುಮತಿ. ಇತಿಹಾಸದ ವಿದ್ಯಾರ್ಥಿ ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಯಾವ ಸಾಧನ ಮಾಂಟಾದ ಮೇಲಣ ಅಪವಾದವನ್ನು ತೊಡೆಯಿತೋ ಅದೇ ಸಾಧನ ಅದರ ಊಟದ ಮನೆಗೆ ಉಪದ್ರವವಾಯಿತು. ಭಯ ಹೋದ ಸ್ಥಳದಲ್ಲಿ ಗೌರವ ತಾನಾಗಿ ಬಂದು ನಿಲ್ಲುವುದಿಲ್ಲ. ಅದನ್ನು ನಿಯಮದಿಂದ ಕಲಿಯಬೇಕಾಗುತ್ತದೆ.

8

ಇದಕ್ಕಿಂತ ಗಂಭೀರವಾದ ಅಪಾಯ ಬೇರೆಯಿದೆ. ಮಾಂಟಾದ ಕಿವಿರುಫಲಕಗಳನ್ನು ಒಣಗಿಸಿ ಆರೋಗ್ಯವರ್ಧಕವೆಂದು ಮಾರುವ ವ್ಯಾಪಾರ ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ, ಮುಖ್ಯವಾಗಿ ದಕ್ಷಿಣ ಚೀನದ ಪೇಟೆಗಳಲ್ಲಿ, ಬೆಳೆಯಿತು. ಇಂಡೊನೇಷ್ಯದ ಲಮಕೆರ ಎಂಬ ಹಳ್ಳಿಯಲ್ಲಿ ಹಿಂದಿನಿಂದಲೂ ಮಾಂಟಾ ಬೇಟೆಯಿತ್ತು. ಆದರೆ ಹಾಯಿದೋಣಿಗಳಿಗೆ ಬದಲು ಯಂತ್ರದ ದೋಣಿಗಳು ಬಂದು, ಫಲಕಗಳಿಗೆ ಬೆಲೆಯೇರಿದ ಮೇಲೆ, ವರ್ಷಕ್ಕೆ ಕೆಲವು ನೂರರಷ್ಟಿದ್ದ ಬೇಟೆ ಸುಮಾರು 1,500ಕ್ಕೆ ಏರಿತೆಂದು 2002ರ ವರದಿಯೊಂದು ಅಂದಾಜುಮಾಡಿತು. ಬೇರೆ ಮೀನಿಗಾಗಿ ಬೀಸಿದ ಬಲೆಗಳಿಗೆ ಈ ಬಳಗದ ತೊರಕೆಗಳು ಸಿಕ್ಕಿ ಸಾಯುವುದು ನಮ್ಮ ಪಶ್ಚಿಮ ಕರಾವಳಿಯೂ ಸೇರಿ ಅನೇಕ ಕಡೆ ಉಂಟು. ಮಾಂಟಾ ಸುಮಾರು ಒಂದು ವರ್ಷ ಗರ್ಭಧರಿಸಿ ಸಾಮಾನ್ಯವಾಗಿ ಒಂದೇ ಮರಿಯನ್ನು ಈಯುತ್ತದೆ. ಮುಂದಿನದಕ್ಕೆ ಹಲವು ವರ್ಷಗಳು ಹಿಡಿಯಬಹುದು. ಸಾವಿರಾರು ಮೊಟ್ಟೆಯಿಡುವ ಬೂತಾಯಿಯ ಲೆಕ್ಕ ಇಲ್ಲಿ ಸಲ್ಲದು.

ಅದರ ಪರವಾಗಿ ನಡೆದ ಪ್ರಯತ್ನಗಳೂ ಗಮನಾರ್ಹ. ಅಳಿವಿನ ಭೀತಿಯಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಒಪ್ಪಂದದ ಎರಡನೆಯ ಅನುಬಂಧಕ್ಕೆ ಮಾಂಟಾಗಳನ್ನು ಸೇರಿಸುವ ನಿರ್ಣಯ 2013ರಲ್ಲಿ ಬ್ಯಾಂಕಾಕಿನಲ್ಲಿ ಆಗಿ, 2014ರಲ್ಲಿ ಜಾರಿಗೆ ಬಂತು. ಇಂಡೊನೇಷ್ಯ 2014ರಲ್ಲಿ ತನ್ನ ಜಲಸೀಮೆಯಲ್ಲಿ ಅವುಗಳಿಗೆ ಪೂರ್ಣ ರಕ್ಷಣೆಯನ್ನು ಘೋಷಿಸಿತು. 2025ರಲ್ಲಿ ಸಮರ್ಖಂಡದಲ್ಲಿ ಸೇರಿದ ಸಭೆ ಇಡೀ ಬಳಗವನ್ನು ಮೊದಲನೆಯ ಅನುಬಂಧಕ್ಕೆ, ಎಂದರೆ ಅತ್ಯಂತ ಕಟ್ಟುನಿಟ್ಟಿನ ವರ್ಗಕ್ಕೆ, ಏರಿಸಿತು. ಮಾಂಟಾವನ್ನು ನೋಡಬಂದವರಿಂದ ಮಾಲ್ಡೀವ್ಸಿಗೆ ನೇರವಾಗಿ ವರ್ಷಕ್ಕೆ ಸುಮಾರು 81 ಲಕ್ಷ ಡಾಲರು ಬರುತ್ತಿತ್ತೆಂಬ, 2006ರಿಂದ 2008ರ ಅವಧಿಯ ಗಣನೆ ಇಂಥ ವಾದಗಳಿಗೆ ಬಲವನ್ನಿತ್ತಿದೆ. ಲಾಭದ ಲೆಕ್ಕ ಉಪಯುಕ್ತವೇ. ಆದರೆ ಲಾಭ ಬೇರೆಡೆಗೆ ಹೊರಳಿದ ದಿನ ಆ ವಾದವೂ ಹೊರಳೀತೆಂಬ ಎಚ್ಚರಿಕೆ ಬೇಡವೆ?

ನಾವು ಕಂಡುಕೊಂಡದ್ದನ್ನು ಸಂಗ್ರಹಿಸಬಹುದು. ಉಲ್ಯೋವನು ಕೇಳಿ ಬರೆದನು. ಪಂಡಿತರು ಶವವನ್ನು ನೋಡಿ ಬರೆದರು. ಬೇಟೆಗಾರರು ನೋವನ್ನು ನೋಡಿ ಬರೆದರು. ಇವರಲ್ಲಿ ಯಾರೂ ಸುಳ್ಳು ಹೇಳಬೇಕೆಂದು ಹೊರಟವರಲ್ಲ. ಆದರೂ ಎಲ್ಲರ ಸಾಕ್ಷ್ಯವೂ ಕೂಡಿ ಒಂದು ಸುಳ್ಳಾಯಿತು. ಸಾಕ್ಷಿಯ ಪ್ರಾಮಾಣಿಕತೆಯನ್ನು ಪರೀಕ್ಷಿಸಿದರೆ ಸಾಲದು, ಆತ ನಿಂತ ನೆಲೆಯನ್ನೂ ಪರೀಕ್ಷಿಸಬೇಕೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಮೀನಿನ ವಿಷಯದಲ್ಲಿ ಆದದ್ದು ಜನಾಂಗಗಳ, ಜಾತಿಗಳ, ಸೋತ ರಾಜ್ಯಗಳ ವಿಷಯದಲ್ಲಿಯೂ ಆಗಿರುವುದನ್ನು ಇತಿಹಾಸದ ಅಧ್ಯಾಪಕರಿಗೆ ನಾವು ಹೇಳಬೇಕಾಗಿಲ್ಲ. ಮುತ್ತಿಗಾಗಿ ಮುಳುಗಿದ ಆ ಗುಲಾಮರ ಕೈಗೆ ಕನ್ನಡಕವನ್ನೂ ಉಸಿರನ್ನೂ ಕೊಟ್ಟಿದ್ದರೆ ಅವರೇ ಈ ಮೀನಿನ ನಿಜವಾದ ಚರಿತ್ರೆಯನ್ನು ಮೊದಲಿಗೆ ಹೇಳುತ್ತಿದ್ದರು. ಅವರಿಗೆ ಕೊಟ್ಟದ್ದು ಚೂರಿಯನ್ನು ಮಾತ್ರ.